ಮಗನ್ನ ಕೇಳಿ ನಾಳೆ ಹೇಳ್ತೀನಪಾ

ಧಾರವಾಡದಲ್ಲಿರುವ ಅಪ್ಪ ಎಫ್‌ಡಿ ನವೀಕರಿಸಲು ಬ್ಯಾಂಕಿಗೆ ಹೋದವರು ವಿಮಾ ಪಾಲಿಸಿ ಮಾಡಿಸಿಕೊಂಡು ಬಂದಿದ್ದರು. ವರ್ಷಕ್ಕೆ 2 ಲಕ್ಷದಂತೆ 10 ವರ್ಷ ಕಟ್ಟಬೇಕು. ಅಪ್ಪನಿಗೀಗ 71. ಹೋದ ದಸರೆಗೆ ಪುಣೆಯಿಂದ ಊರಿಗೆ ಹೋದಾಗ ಕಪಾಟಿನಲ್ಲಿ ಆ ಲಕೋಟೆ ಕಣ್ಣಿಗೆ ಬಿತ್ತು.

"ಹುಡುಗ ಭಾಳ ಚಲೋ ಮಾತಾಡ್ದ. ಚಹಾ ತರಿಸ್ದ. 'ಇವತ್ತ ಕಡೇ ದಿನ ಅದ ಕಾಕಾ, ಫೋನ್ ಬಂದ್ರ ಎಲ್ಲಾದಕ್ಕೂ ಹೂಂ ಅನ್ರಿ' ಅಂದ" ಎಂದರು ಅಪ್ಪ, ನನ್ನ ಮುಖ ನೋಡದೆ. ಮೋಸ ಹೋದದ್ದು ಗೊತ್ತಾದ ಮೇಲೂ ನನಗೆ ಹೇಳಿರಲಿಲ್ಲ. ಬೈಯುತ್ತೇನೆಂಬ ಅಂಜಿಕೆ. ಹಿಂದೆ ರೀಚಾರ್ಜ್ ತಪ್ಪಾದಾಗ ನಾನು ರೇಗಿದ್ದೆನಲ್ಲ!

ಪಾಲಿಸಿ ಕೈಸೇರಿ 22 ದಿನವಾಗಿತ್ತು. 30 ದಿನದೊಳಗೆ ಬೇಡವೆಂದು ಹಿಂತಿರುಗಿಸಬಹುದು. ಇದೇ 'ಫ್ರೀ ಲುಕ್' ಅವಧಿ. ರಜೆ ಮುಗಿದ ಕೂಡಲೇ ವಿಮಾ ಕಂಪನಿಗೆ ಬರೆದುಕೊಟ್ಟು ಸ್ವೀಕೃತಿ ಪಡೆದೆವು. ಸ್ವಲ್ಪ ಕಡಿತವಾಗಿ ಹಣ ಮರಳಿತು. ಅವಧಿ ಮೀರಿದ್ದರೆ ಮೊದಲು ಕಂಪನಿಗೆ ದೂರು ಕೊಡಬೇಕು. ಬಗೆಹರಿಯದಿದ್ದರೆ ವಿಮಾ ಒಂಬುಡ್ಸ್‌ಮನ್ ಇದ್ದಾರೆ, ಶುಲ್ಕವಿಲ್ಲ. ಐಆರ್‌ಡಿಎಐ ಸಹಾಯವಾಣಿ 155255.

ಈಗ ಯಾರೇ ಸಹಿ ಕೇಳಿದರೂ ಅಪ್ಪನದು ಒಂದೇ ಉತ್ತರ: "ಮಗನ್ನ ಕೇಳಿ ನಾಳೆ ಹೇಳ್ತೀನಪಾ." ಅವರು ಕೇಳಲು ಫೋನ್ ಮಾಡಿದಾಗ ರೇಗದೆ ಎತ್ತುವುದು ನನ್ನ ಪಾಲಿನ ಕೆಲಸ.