ನಾಲ್ಕು ಎಂಜಿನುಗಳೂ ನಿಂತ ರಾತ್ರಿ

1982ನೆಯ ಇಸವಿಯ ಜೂನ್ 24ರ ರಾತ್ರಿ, ಕೌಲಾಲಂಪುರದಿಂದ ಆಸ್ಟ್ರೇಲಿಯದ ಪರ್ತ್ ನಗರಕ್ಕೆ ಹೊರಟಿದ್ದ ಬ್ರಿಟಿಷ್ ಏರ್‌ವೇಸ್ ಸಂಸ್ಥೆಯ ಬೋಯಿಂಗ್ 747 ವಿಮಾನವೊಂದು, 248 ಮಂದಿ ಪ್ರಯಾಣಿಕರನ್ನೂ 15 ಮಂದಿ ಸಿಬ್ಬಂದಿಯನ್ನೂ ಹೊತ್ತು ಜಾವಾ ದ್ವೀಪದ ಬಳಿ 37,000 ಅಡಿಗಳ ಎತ್ತರದಲ್ಲಿ ಸಾಗುತ್ತಿದ್ದಾಗ, ಅದರ ಮುಂಗಾಜಿನ ಮೇಲೆ ವಿದ್ಯುತ್ಕಿಡಿಗಳು ಕುಣಿಯತೊಡಗಿದವು. ಪ್ರಯಾಣಿಕರಿದ್ದ ಕಡೆ ಗಂಧಕದ ವಾಸನೆಯ ಹೊಗೆ ತೆಳುವಾಗಿ ವ್ಯಾಪಿಸಿತು. ಮೊದಲು ನಾಲ್ಕನೆಯ ಎಂಜಿನು, ಅದರ ಬೆನ್ನಿಗೇ ಎರಡನೆಯದು, ಅನಂತರ ಒಂದನೆಯದೂ ಮೂರನೆಯದೂ ಬಹುತೇಕ ಒಟ್ಟಿಗೆ, ಕೆಲವೇ ನಿಮಿಷಗಳೊಳಗೆ ಸ್ತಬ್ಧವಾದವು.

ಒಂದು ಎಂಜಿನು ಕೆಟ್ಟರೆ ಉಳಿದವು ಕಾಪಾಡುತ್ತವೆಂಬ ಭರವಸೆಯಿಂದಲೇ ವಿಮಾನಕ್ಕೆ ಒಂದಕ್ಕಿಂತ ಹೆಚ್ಚು ಎಂಜಿನುಗಳನ್ನು ಜೋಡಿಸುವುದು. ಆ ಭರವಸೆ ಅಂದು ಏಕೆ ಹುಸಿಯಾಯಿತೆಂಬುದನ್ನು ತಿಳಿಯಬೇಕಾದರೆ ಜೆಟ್ ಎಂಜಿನಿನ ಅಂತರಂಗವನ್ನು ಕೊಂಚ ಅರಿಯಬೇಕು. ಮುಂಭಾಗದಿಂದ ಒಳಹೊಕ್ಕ ಗಾಳಿಯನ್ನು ಸಂಪೀಡಕದ ಅಲಗುಗಳ ಸಾಲುಗಳು ಹಂತಹಂತವಾಗಿ ಅದುಮುತ್ತವೆ. ಹಾಗೆ ಅದುಮಿದ ಗಾಳಿಯಲ್ಲಿ, ದಹನಕೋಷ್ಠದೊಳಗೆ, ಇಂಧನ ಎಡೆಬಿಡದೆ ಉರಿಯುತ್ತದೆ. ಉಬ್ಬಿದ ಬಿಸಿ ಅನಿಲವು ಟರ್ಬೈನನ್ನು ತಿರುಗಿಸಿ ಹಿಂದಕ್ಕೆ ಧಾವಿಸುತ್ತದೆ. ಆ ಟರ್ಬೈನೇ ತನ್ನ ದಂಡದ ಮೂಲಕ ಮುಂದಿನ ಸಂಪೀಡಕವನ್ನು ತಿರುಗಿಸುತ್ತದೆ. ಹೀಗೆ ಒಂದನ್ನೊಂದು ಆಶ್ರಯಿಸಿರುವ ಈ ಅಂಗಗಳೆಲ್ಲವೂ ಗಾಳಿಯ ಪ್ರವಾಹ ಅವಿಚ್ಛಿನ್ನವಾಗಿರುವವರೆಗೆ ಮಾತ್ರ ಸುಸ್ಥಿರ. ಟರ್ಬೈನಿನ ಬಾಗಿಲು ಇಕ್ಕಟ್ಟಾದರೆ ಗಾಳಿಗೆ ಮುಂದೆ ದಾರಿಯಿಲ್ಲ. ಅದು ಹಿಮ್ಮೆಟ್ಟಿ ಸಂಪೀಡಕದ ಹಿಡಿತವನ್ನು ತಪ್ಪಿಸುತ್ತದೆ, ಉರಿ ಆರುತ್ತದೆ.

ಅಂದು ಆ ಬಾಗಿಲನ್ನು ಮುಚ್ಚಿದುದು ಜಾವಾದ ಪಶ್ಚಿಮಭಾಗದ ಗಲುಂಗುಂಗ್ ಜ್ವಾಲಾಮುಖಿಯ ಬೂದಿ. ಇದನ್ನು ನಮ್ಮ ಒಲೆಯ ಬೂದಿಯಂತೆ ಮೃದುವಾದ ವಸ್ತುವೆಂದು ಭಾವಿಸಲಾಗದು. ಇದು ಸೌದೆ ಸುಟ್ಟುಳಿದ ಶೇಷವಲ್ಲ, ಭೂಗರ್ಭದ ಸ್ಫೋಟದಲ್ಲಿ ನುಚ್ಚುನೂರಾದ ಶಿಲೆ ಮತ್ತು ಗಾಜಿನ ಚೂಪಾದ ಕಣಗಳ ಸಮೂಹ. ಸುಮಾರು 1,100 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಕರಗತಕ್ಕ ಈ ಕಣಗಳು, ಅದಕ್ಕಿಂತಲೂ ಎಷ್ಟೋ ಅಧಿಕ ತಾಪದ ದಹನಕೋಷ್ಠದಲ್ಲಿ ದ್ರವವಾಗಿ, ಟರ್ಬೈನಿನ ಮುಂದಣ ತುಸು ತಣ್ಣನೆಯ ಅಲಗುಗಳ ಮೇಲೆ ಗಾಜಿನ ಪದರವಾಗಿ ಹೆಪ್ಪುಗಟ್ಟಿದವು. ವಿಮಾನದ ರಾಡಾರ್ ಈ ಮೋಡವನ್ನು ಕಾಣದೆ ಹೋದುದಕ್ಕೂ ಕಾರಣವುಂಟು: ಅದು ಮಳೆಮೋಡದ ಜಲಬಿಂದುಗಳನ್ನು ಹುಡುಕಲೆಂದು ರಚಿಸಿದ ಸಾಧನ, ಈ ಧೂಳಾದರೋ ಒಣಧೂಳು.

ಎಂಜಿನುಗಳೆಲ್ಲ ನಿಂತರೂ ವಿಮಾನ ಒಡನೆಯೇ ಉರುಳುವುದಿಲ್ಲ. ರೆಕ್ಕೆಗಳ ಬಲದಿಂದಲೇ ತೇಲುತ್ತ, ಒಂದು ಮೈಲಿ ಇಳಿಯುವಷ್ಟರಲ್ಲಿ ಈ ಬೃಹದ್ವಿಮಾನ ಸುಮಾರು ಹದಿನೈದು ಮೈಲಿ ಮುಂದೆ ಸಾಗಬಲ್ಲುದು. ಆ ಅವಕಾಶವನ್ನು ಕ್ಯಾಪ್ಟನ್ ಎರಿಕ್ ಮೂಡಿಯವರೂ ಅವರ ಸಹೋದ್ಯೋಗಿಗಳೂ ವ್ಯರ್ಥಗೊಳಿಸಲಿಲ್ಲ. ಕೆಳಗೆ ಸಮುದ್ರ, ಮುಂದೆ ಜಾವಾದ ಪರ್ವತಗಳು, ಇವುಗಳ ನಡುವೆ ಎಂಜಿನುಗಳನ್ನು ಮತ್ತೆ ಮತ್ತೆ ಚಾಲೂ ಮಾಡಲು ಯತ್ನಿಸಿದರು. ಉರಿಯಿಲ್ಲದೆ ತಣ್ಣಗಾದ ಎಂಜಿನುಗಳೊಳಗಿನ ಗಾಜಿನ ಪದರ ಬಿರುಕುಬಿಟ್ಟು ಅಲ್ಲಲ್ಲಿ ಕಳಚಿತು. ಬೂದಿಯ ಮೋಡ ಮೇಲುಳಿದು ಶುದ್ಧವಾದ ಗಾಳಿ ದೊರಕಿತು. ಸುಮಾರು 13,000 ಅಡಿಗಳಿಗೆ ಇಳಿದ ವೇಳೆಗೆ ನಾಲ್ಕನೆಯ ಎಂಜಿನು ಉಸಿರಾಡಿತು, ಬಳಿಕ ಉಳಿದವೂ ಎಚ್ಚೆತ್ತವು. ಪುನಃ ಮೇಲೇರಿದಾಗ ಎರಡನೆಯದು ತೊಂದರೆ ಕೊಟ್ಟುದರಿಂದ ಅದನ್ನು ನಿಲ್ಲಿಸಿ, ಕಣಗಳು ಉಜ್ಜಿ ಮಸುಕಾಗಿಸಿದ್ದ ಗಾಜಿನ ಅಂಚಿನಿಂದ ದಾರಿ ನೋಡುತ್ತ, ಅವರು ಜಕಾರ್ತದಲ್ಲಿ ಇಳಿದರು. ಒಬ್ಬರಿಗೂ ಪ್ರಾಣಾಪಾಯವಾಗಲಿಲ್ಲ.

ಎಂಜಿನುಗಳ ಸಂಖ್ಯೆಯಿಂದ ದೊರಕುವ ಭದ್ರತೆ, ಪ್ರತಿಯೊಂದಕ್ಕೂ ಬೇರೆಬೇರೆಯಾಗಿ ಒದಗುವ ಕೇಡಿಗೆ ಮಾತ್ರ ಪರಿಹಾರವೆಂಬುದೇ ಈ ಘಟನೆಯ ಪಾಠ. ಒಂದರ ಅಲಗು ಮುರಿದರೆ ಇನ್ನೊಂದಕ್ಕೆ ಅದರ ಸಂಬಂಧವಿಲ್ಲ; ಆದರೆ ಎಲ್ಲವೂ ಸೇವಿಸುವ ಗಾಳಿಯೇ ಕೆಟ್ಟರೆ, ಎಲ್ಲಕ್ಕೂ ಹರಿಯುವ ಇಂಧನವೇ ಬತ್ತಿದರೆ, ನಾಲ್ಕಿದ್ದರೂ ಒಂದೇ. 2009ರ ಜನವರಿ 15ರಂದು ನ್ಯೂಯಾರ್ಕಿನ ಮೇಲೆ ಕಾಡುಬಾತುಗಳ ಹಿಂಡೊಂದು ಒಂದು ವಿಮಾನದ ಎರಡೂ ಎಂಜಿನುಗಳ ಬಲವನ್ನು ಒಮ್ಮೆಲೇ ಕುಂದಿಸಿ, ಅದು ಹಡ್ಸನ್ ನದಿಯಲ್ಲಿ ಇಳಿಯಬೇಕಾಗಿ ಬಂದುದೂ ಇದೇ ಬಗೆಯ ಆಪತ್ತು. ಇಂಥ ಆಪತ್ತಿಗೆ ಪರಿಹಾರ ಯಂತ್ರಗಳನ್ನು ಹೆಚ್ಚಿಸುವುದರಲ್ಲಿಲ್ಲ, ಮುಂಚಿತವಾದ ತಿಳಿವಳಿಕೆಯಲ್ಲಿದೆ.

ಆ ತಿಳಿವಳಿಕೆ ಸುಲಭವಾಗಿ ಬರಲಿಲ್ಲ. ಮುಂದಿನ ತಿಂಗಳೇ ಅದೇ ಪರ್ವತದ ಬೂದಿ ಸಿಂಗಪುರ ಏರ್‌ಲೈನ್ಸಿನ ವಿಮಾನವೊಂದನ್ನು ಕಾಡಿತು. 1989ರ ಡಿಸೆಂಬರಿನಲ್ಲಿ ಅಲಾಸ್ಕದ ರಿಡೌಟ್ ಪರ್ವತ ಕೆ.ಎಲ್.ಎಂ. ವಿಮಾನವೊಂದರ ನಾಲ್ಕು ಎಂಜಿನುಗಳನ್ನೂ ಆರಿಸಿತು. ಈಗ ಲೋಕದ ಆಕಾಶವನ್ನು ಒಂಬತ್ತು ಭಾಗಗಳಾಗಿ ಹಂಚಿಕೊಂಡ ಸಲಹಾ ಕೇಂದ್ರಗಳು ಬೂದಿಯ ಮೋಡಗಳ ಗತಿಯನ್ನು ವೈಮಾನಿಕರಿಗೆ ಸಾರುತ್ತಿವೆ. 2010ರಲ್ಲಿ ಐಸ್‌ಲೆಂಡಿನ ಜ್ವಾಲಾಮುಖಿಯಿಂದಾಗಿ ಯೂರೋಪಿನ ಸಂಚಾರ ದಿನಗಟ್ಟಲೆ ನಿಂತಾಗ ಅನೇಕರು ಬೇಸರಗೊಂಡರು. ಮುಂದೆಂದಾದರೂ ನಮ್ಮ ಪಯಣವೂ ಹೀಗೆ ರದ್ದಾದರೆ, ಅದು ಅಂಜುಬುರುಕತನವಲ್ಲ, 263 ಜೀವಗಳನ್ನು ಪಣಕ್ಕಿಟ್ಟು ಕಲಿತ ವಿವೇಕವೆಂದು ಅರಿತು, ನಿಲ್ದಾಣದಲ್ಲಿ ತಾಳ್ಮೆಯಿಂದ ಕಾಯುವುದೇ ನಮಗೆ ತಕ್ಕದ್ದು.