ತೂಕ ಕಡಿಮೆ, ಕೊಬ್ಬು ಕಡಿಮೆಯಲ್ಲ
ಗುಂಡುಗುಂಡಾಗಿರುವ ಮಗುವೇ ಆರೋಗ್ಯವಂತ ಮಗು ಎಂಬ ಮಾತನ್ನು ನೀವು ಕೇಳಿರುತ್ತೀರಿ. ಆದರೆ ತಕ್ಕಡಿ ಎಲ್ಲವನ್ನೂ ಹೇಳುವುದಿಲ್ಲ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997ರಲ್ಲಿ ಆರಂಭವಾದ ಅಧ್ಯಯನದಲ್ಲಿ ಅಲ್ಲಿನ ನವಜಾತ ಶಿಶುಗಳು ಬ್ರಿಟನ್ನಿನ ಶಿಶುಗಳಿಗಿಂತ ಹಗುರವಾಗಿದ್ದವು. ಬೆನ್ನಿನ ಚರ್ಮದಡಿಯ ಕೊಬ್ಬು ಮಾತ್ರ ಹೆಚ್ಚುಕಡಿಮೆ ಅಷ್ಟೇ ಇತ್ತು!

ಇಂಥ ಮಗುವಿಗೆ ಬಾಟಲಿ ಖಾಲಿಯಾಗುವವರೆಗೂ ಒತ್ತಾಯದಿಂದ ಕುಡಿಸಿ ಬೇಗಬೇಗ ತೂಕ ಏರಿಸಿದರೆ ಮುಂದೆ ಬೊಜ್ಜು, ಸಕ್ಕರೆ ಕಾಯಿಲೆಗಳ ಅಪಾಯ ಹೆಚ್ಚಬಹುದು. ಹಾಗೆಂದು ಹಾಲು ಕಡಿಮೆ ಮಾಡುವುದೂ ತಪ್ಪು. ವಿಶ್ರಾಂತಿಯಲ್ಲಿರುವ ಶಿಶುವಿನ ದೇಹ ಬಳಸುವ ಶಕ್ತಿಯಲ್ಲಿ ಸುಮಾರು ಅರ್ಧಪಾಲು ಮೆದುಳಿಗೇ ಬೇಕು. ಮೊದಲ 6 ತಿಂಗಳು ತಾಯಿಯ ಹಾಲೊಂದೇ ಸಾಕು. ಹೊಟ್ಟೆ ತುಂಬಿದ ಮಗು ತಾನೇ ಮುಖ ತಿರುಗಿಸುತ್ತದೆ. ಮನೆಯಲ್ಲಿ ಪುಟ್ಟ ತಮ್ಮನೋ ತಂಗಿಯೋ ಇದ್ದರೆ ಈ ಸೂಚನೆಯನ್ನು ಗಮನಿಸಿ, ಹಿರಿಯರಿಗೂ ತಿಳಿಸಿ.