ಮಕ್ಕಳೊಡನೆ ಬರುವ ಅತಿಥಿ: ಕುಟುಂಬಕ್ಕೊಪ್ಪುವ ವಸತಿಗೃಹದ ಆಯ್ಕೆ

ಹೋಟೆಲಿನ ಫಲಕದ ಮೇಲೆ ‘ಫ್ಯಾಮಿಲಿ ರೂಮ್ ಇದೆ’ ಎಂದು ಬರೆಯಿಸುವುದು ಈ ಭಾಗದ ಹಳೆಯ ರೂಢಿ. ಉಪಾಹಾರ ಗೃಹದಲ್ಲಿ ಆ ಮಾತಿಗೆ ಹೆಂಗಸರು, ಮಕ್ಕಳು ಕುಳಿತು ಉಣ್ಣಲು ಪ್ರತ್ಯೇಕಿಸಿದ ಜಾಗವೆಂದು ಅರ್ಥ. ವಸತಿಗೃಹದಲ್ಲಿ ಇಬ್ಬರ ಕೊಠಡಿಗೆ ಮೂರನೆಯದೊಂದು ಹಾಸಿಗೆ ಸೇರಿಸಿಕೊಡುತ್ತಾರೆಂದು ಅರ್ಥ. ಎರಡರಲ್ಲಿಯೂ ಎಣಿಕೆಗೆ ಬಂದಿರುವುದು ಜನರ ಸಂಖ್ಯೆಯೇ ಹೊರತು ಮಗುವಿನ ಅಗತ್ಯವಲ್ಲ. ರಜೆಯ ದಿನಗಳಲ್ಲಿ ಮಕ್ಕಳನ್ನು ಕರೆದುಕೊಂಡು ಹೊರಡುವ ಕುಟುಂಬವು ಕೊಠಡಿ ಗೊತ್ತುಮಾಡುವ ಮುನ್ನ ಏನನ್ನು ಕೇಳಬೇಕು, ವಸತಿಗೃಹದ ಮಾಲೀಕರು ಯಾವ ಉತ್ತರವನ್ನು ಸಿದ್ಧವಾಗಿಟ್ಟುಕೊಳ್ಳಬೇಕು ಎಂಬುದು ಪ್ರವಾಸದ ವಿಚಾರವಷ್ಟೇ ಅಲ್ಲ, ವ್ಯಾಪಾರದ ವಿಚಾರವೂ ಹೌದು.

ಬದಲಾದ ಅತಿಥಿ

ಕಲಬುರಗಿಯ ವಸತಿಗೃಹಗಳು ಬಹುಮಟ್ಟಿಗೆ ಒಂಟಿಯಾಗಿ ಬರುವ ಅತಿಥಿಯನ್ನು ನಂಬಿ ಬೆಳೆದವು. ತೊಗರಿ ವ್ಯಾಪಾರಿ, ಔಷಧ ಕಂಪನಿಯ ಪ್ರತಿನಿಧಿ, ವಿಭಾಗೀಯ ಕಚೇರಿಗೆ ಬರುವ ಅಧಿಕಾರಿ, 2008ರಲ್ಲಿ ಆರಂಭವಾದ ಹೈಕೋರ್ಟಿನ ಸಂಚಾರಿ ಪೀಠವು 2013ರಲ್ಲಿ ಕಾಯಂ ಪೀಠವಾದ ಮೇಲೆ ಹೆಚ್ಚಿದ ವಕೀಲರು ಮತ್ತು ಕಕ್ಷಿದಾರರು, ಇವರಿಗೆಲ್ಲ ಬೇಕಾದುದು ನಿಲ್ದಾಣಕ್ಕೆ ಹತ್ತಿರದಲ್ಲೊಂದು ಹಾಸಿಗೆ, ಸ್ನಾನಕ್ಕೆ ಬಿಸಿನೀರು ಮತ್ತು ಬೆಳಗಿನ ಚಹಾ. ಸ್ಟೇಷನ್ ರಸ್ತೆ, ಸೂಪರ್ ಮಾರ್ಕೆಟ್ ಸುತ್ತಮುತ್ತಲಿನ ಹಳೆಯ ಲಾಡ್ಜುಗಳು ಈ ಬೇಡಿಕೆಯನ್ನು ಚೆನ್ನಾಗಿಯೇ ಪೂರೈಸುತ್ತ ಬಂದಿವೆ.

ಆದರೆ ಊರಿಗೆ ಬರುವ ಅತಿಥಿ ಇವರಷ್ಟೇ ಅಲ್ಲ. ಶರಣಬಸವೇಶ್ವರ ದೇವಸ್ಥಾನ, ಖ್ವಾಜಾ ಬಂದೇನವಾಜ್ ದರ್ಗಾ, ಗಾಣಗಾಪುರದ ದತ್ತ ಕ್ಷೇತ್ರಗಳಿಗೆ ಕುಟುಂಬಗಳು ಮೊದಲಿನಿಂದಲೂ ಬರುತ್ತಿವೆ. 2017ರ ಅಕ್ಟೋಬರಿನಲ್ಲಿ ಬೀದರ್–ಕಲಬುರಗಿ ರೈಲು ಮಾರ್ಗ ಉದ್ಘಾಟನೆಗೊಂಡಿತು. 2024ರ ಮಾರ್ಚಿನಲ್ಲಿ ಬೆಂಗಳೂರಿಗೆ ವಂದೇ ಭಾರತ್ ರೈಲು ಆರಂಭವಾಯಿತು. ಬಹಮನಿ ಕೋಟೆ, 2007ರಲ್ಲಿ ತೆರೆದ ಬುದ್ಧ ವಿಹಾರ, 1984ರಿಂದ ನಡೆಯುತ್ತಿರುವ ಜಿಲ್ಲಾ ವಿಜ್ಞಾನ ಕೇಂದ್ರ ಇವಿಷ್ಟನ್ನು ಸೇರಿಸಿದರೆ ಮಕ್ಕಳಿಗೆ ಎರಡು ದಿನಗಳ ತಿರುಗಾಟವಾಗುತ್ತದೆ. ಬೆಳಿಗ್ಗೆ ಇಳಿದು, ದರ್ಶನ ಮುಗಿಸಿ, ರಾತ್ರಿಯ ರೈಲಿಗೆ ಹಿಂತಿರುಗುವ ಕುಟುಂಬವು ಇನ್ನೊಂದು ದಿನ ಉಳಿದರೆ ಕೊಠಡಿಯ ಬಾಡಿಗೆಯೊಂದೇ ಅಲ್ಲ, ನಾಲ್ವರ ಊಟ, ಆಟೊ ಬಾಡಿಗೆ, ಅಂಗಡಿಯ ಖರೀದಿ ಎಲ್ಲವೂ ಊರಿಗೆ ದಕ್ಕುತ್ತವೆ. ಉಳಿಯಬೇಕೇ ಬೇಡವೇ ಎಂಬುದನ್ನು ಅನೇಕ ವೇಳೆ ನಿರ್ಧರಿಸುವುದು ಮಗುವಿಗೆ ಅಲ್ಲಿ ಒಂದು ರಾತ್ರಿ ನೆಮ್ಮದಿಯಾಗಿ ಕಳೆಯಿತೇ ಎಂಬ ಸಂಗತಿ.

ವೇಳೆಯ ಲೆಕ್ಕ

ಕೊಠಡಿಯ ದರ ಕೇಳುವ ಮೊದಲು ಅದರ ವೇಳೆಯನ್ನು ಕೇಳುವುದು ಲೇಸು. ಕೆಲವು ವಸತಿಗೃಹಗಳಲ್ಲಿ ಅತಿಥಿ ಬಂದ ಗಳಿಗೆಯಿಂದ 24 ಗಂಟೆಗೆ ಒಂದು ದಿನ. ಇನ್ನು ಕೆಲವೆಡೆ ಮಧ್ಯಾಹ್ನ 12ರಿಂದ ಮರುದಿನ 12ರವರೆಗೆ ಒಂದು ದಿನ. ಶನಿವಾರ ನಸುಕಿನ 5 ಗಂಟೆಗೆ ರೈಲಿನಿಂದ ಇಳಿದು ಭಾನುವಾರ ರಾತ್ರಿ 9ಕ್ಕೆ ಹೊರಡುವ ಕುಟುಂಬಕ್ಕೆ ಮೊದಲ ಪದ್ಧತಿಯಲ್ಲಿ ಎರಡು ದಿನದ ಬಾಡಿಗೆ ಬೀಳುತ್ತದೆ. ಎರಡನೆಯ ಪದ್ಧತಿಯನ್ನು ಕಟ್ಟುನಿಟ್ಟಾಗಿ ಅನುಸರಿಸಿದರೆ ಅದೇ ವಾಸ್ತವ್ಯಕ್ಕೆ ಮೂರು ದಿನದ ಬಾಡಿಗೆ. ಒಂಟಿ ಪ್ರಯಾಣಿಕನು ಚೀಲವನ್ನು ಕೌಂಟರಿನಲ್ಲಿಟ್ಟು ಊರು ಸುತ್ತಿ ಬರಬಲ್ಲನು. ನಿದ್ದೆಗಣ್ಣಿನ ಮಗುವನ್ನು ಹೆಗಲಿಗೆ ಹಾಕಿಕೊಂಡ ತಾಯಿಗೆ ಅದು ಸಾಧ್ಯವಿಲ್ಲ. ನಸುಕಿನಲ್ಲಿ ಬರುವವರಿಗೆ ಅರ್ಧ ದಿನದ ದರವನ್ನು ಮೊದಲೇ ಗೊತ್ತುಪಡಿಸಿಟ್ಟರೆ ಮಾಲೀಕರಿಗೆ ಖಾಲಿ ಕೊಠಡಿಯಿಂದಲೂ ಆದಾಯ ಬರುತ್ತದೆ, ಕುಟುಂಬಕ್ಕೂ ಹೊರೆ ತಗ್ಗುತ್ತದೆ.

ದರ ಮತ್ತು ತೆರಿಗೆ

ರೈಲಿನಲ್ಲಿ ಪ್ರತ್ಯೇಕ ಬರ್ತ್ ಬೇಡವಾದರೆ 5 ವರ್ಷದೊಳಗಿನ ಮಗುವಿಗೆ ಟಿಕೆಟಿಲ್ಲ. 5ರಿಂದ 12 ವರ್ಷದೊಳಗಿನ ಮಗುವಿಗೆ ಬರ್ತ್ ಪಡೆದರೆ 2016ರ ಏಪ್ರಿಲಿನಿಂದ ಪೂರ್ಣ ದರ. ವಸತಿಗೃಹಗಳಿಗೆ ಇಂಥ ಏಕರೂಪದ ನಿಯಮವಿಲ್ಲ. ಎಷ್ಟು ವಯಸ್ಸಿನವರೆಗೆ ಉಚಿತ, ಹೆಚ್ಚುವರಿ ಹಾಸಿಗೆಗೆ ಎಷ್ಟು, ಆ ಹಾಸಿಗೆ ಮಂಚವೋ ನೆಲದ ಗಾದಿಯೋ, ಮಗುವಿನ ಬೆಳಗಿನ ಉಪಾಹಾರ ದರದಲ್ಲಿ ಸೇರಿದೆಯೋ ಇಲ್ಲವೋ ಎಂಬುದನ್ನೆಲ್ಲ ಮುಂಗಡ ಕೊಡುವ ಮುನ್ನವೇ ಬರವಣಿಗೆಯಲ್ಲಿ ಪಡೆಯುವುದು ಉತ್ತಮ. ವಿವಾದಗಳು ಹುಟ್ಟುವುದು ಹೆಚ್ಚಾಗಿ ಇಲ್ಲಿಯೇ.

ತೆರಿಗೆಯ ವಿಷಯದಲ್ಲಿ ಗ್ರಾಹಕರಿಗೆ ಅನುಕೂಲವಾಗಿದೆ. 2025ರ ಸೆಪ್ಟೆಂಬರ್ 22ರಿಂದ ದಿನವೊಂದಕ್ಕೆ 7,500 ರೂಪಾಯಿವರೆಗಿನ ಕೊಠಡಿಗೆ ಜಿ.ಎಸ್.ಟಿ. ಶೇಕಡಾ 12ರಿಂದ 5ಕ್ಕೆ ಇಳಿದಿದೆ. ಉದಾಹರಣೆಗೆ 2,400 ರೂಪಾಯಿ ಕೊಠಡಿಗೆ 500 ರೂಪಾಯಿಯ ಹೆಚ್ಚುವರಿ ಹಾಸಿಗೆ ಸೇರಿದರೆ 2,900 ರೂಪಾಯಿ. ಅದರ ಮೇಲೆ ಮೊದಲು 348 ರೂಪಾಯಿ ತೆರಿಗೆಯಾಗುತ್ತಿತ್ತು. ಈಗ 145 ರೂಪಾಯಿ. ಆದರೆ ಈ ಶೇಕಡಾ 5ರ ದರದಲ್ಲಿ ಮಾಲೀಕರಿಗೆ ಹೂಡುವಳಿ ತೆರಿಗೆಯ ಜಮೆ ದೊರೆಯುವುದಿಲ್ಲ. ಹಾಸಿಗೆ, ಗೀಸರ್, ಬಣ್ಣ ಮುಂತಾದ ಖರ್ಚಿಗೆ ತೆತ್ತ ತೆರಿಗೆಯು ವೆಚ್ಚವಾಗಿಯೇ ಉಳಿಯುವುದರಿಂದ ದರ ನಿಗದಿ ಮಾಡುವಾಗ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಸೇವಾ ಶುಲ್ಕವನ್ನು ಊಟದ ಬಿಲ್ಲಿಗೆ ತಾನಾಗಿ ಸೇರಿಸಕೂಡದೆಂಬ 2022ರ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ ಮಾರ್ಗಸೂಚಿಯನ್ನು ದೆಹಲಿ ಹೈಕೋರ್ಟು 2025ರ ಮಾರ್ಚಿನಲ್ಲಿ ಎತ್ತಿಹಿಡಿದಿದೆ ಎಂಬುದೂ ಎರಡೂ ಕಡೆಯವರಿಗೆ ತಿಳಿದಿರಬೇಕಾದ ಸಂಗತಿ.

ಕಣ್ಣಿಗೆ ಬೀಳದ ಅಪಾಯಗಳು

ಮಗುವಿಗೆ ಅಪಾಯ ಒದಗುವುದು ದೊಡ್ಡವರ ಗಮನಕ್ಕೆ ಬಾರದ ಜಾಗಗಳಲ್ಲಿ. ಬಾಲ್ಕನಿಯ ಕಟಾಂಜನ ಒಂದು ಮೀಟರಿಗಿಂತ ಕಡಿಮೆ ಎತ್ತರವಿರಬಾರದೆಂದು ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ಎತ್ತರದಷ್ಟೇ ಮುಖ್ಯವಾದುದು ಸರಳುಗಳ ನಡುವಣ ಅಂತರ: ಹತ್ತು ಸೆಂಟಿಮೀಟರಿಗಿಂತ ಹೆಚ್ಚು ಸಂದಿದ್ದರೆ ಚಿಕ್ಕ ಮಗು ತೂರಿಹೋಗಬಲ್ಲದು. ಅಡ್ಡ ಸರಳುಗಳಿದ್ದರೆ ಅವು ಮಗುವಿಗೆ ಏಣಿಯಾಗುತ್ತವೆ. ಬಾಲ್ಕನಿಯಲ್ಲಿಟ್ಟ ಪ್ಲಾಸ್ಟಿಕ್ ಕುರ್ಚಿ, ಕಿಟಕಿಗೆ ಒತ್ತಿ ಹಾಕಿದ ಮಂಚ ಎರಡೂ ಇದೇ ಬಗೆಯವು. ಇವನ್ನು ಸರಿಸಲು ಖರ್ಚಿಲ್ಲ. ಸರಿಸಬೇಕೆಂದು ಯಾರಿಗಾದರೂ ತೋಚಬೇಕಷ್ಟೆ.

ಸ್ನಾನದ ಮನೆಯಲ್ಲಿ ಗೀಸರಿನ ನೀರು 50 ಡಿಗ್ರಿ ಮೀರದಂತೆ ಇಡಿಸುವುದು ಕ್ಷೇಮ; 60 ಡಿಗ್ರಿಯ ನೀರು ಕೆಲವೇ ಕ್ಷಣಗಳಲ್ಲಿ ಮಗುವಿನ ಚರ್ಮವನ್ನು ಸುಡಬಲ್ಲದು. ಬಕೆಟ್ಟಿಗೆ ಬಿಸಿನೀರು ತಂದುಕೊಡುವ ಪದ್ಧತಿಯಿರುವ ಕಡೆ, ತಣ್ಣೀರು ಬೆರೆಸುವ ತನಕ ಮಗು ಹೊರಗಿರುವುದೇ ಸರಿ. ಒಳಗಿನಿಂದ ಚಿಲಕ ಹಾಕಿಕೊಂಡ ಮಗುವನ್ನು ಬಿಡಿಸಲು ಹೊರಗಿನಿಂದ ಉಪಾಯವಿದೆಯೇ, ತಾರಸಿಯ ಬಾಗಿಲಿಗೆ ಬೀಗವಿದೆಯೇ, ಲಿಫ್ಟಿನದು ಮಡಚುವ ಜಾಲರಿ ಬಾಗಿಲೇ, ಬೆಂಕಿ ಬಿದ್ದರೆ ಇಳಿಯಲು ಎರಡನೆಯ ಮೆಟ್ಟಿಲಿದೆಯೇ ಎಂಬುದನ್ನು ಕೊಠಡಿ ನೋಡುವಾಗಲೇ ಕೇಳಬೇಕು. ಕೆಳಗೆ ಬಾರ್ ಅಥವಾ ಮದುವೆಯ ಸಭಾಂಗಣ ಇರುವ ಕಟ್ಟಡದಲ್ಲಿ ಕುಟುಂಬದವರಿಗೆ ಬೇರೆ ಪ್ರವೇಶವಿದೆಯೇ, ಆ ರಾತ್ರಿ ಧ್ವನಿವರ್ಧಕ ಎಷ್ಟು ಹೊತ್ತಿನವರೆಗೆ ಎಂಬ ಪ್ರಶ್ನೆಯೂ ಅನುಚಿತವಲ್ಲ.

ಬಿಸಿಲು ಮತ್ತು ಅಡುಗೆಮನೆ

ಶಾಲೆಗಳಿಗೆ ದೊಡ್ಡ ರಜೆ ಬರುವ ಏಪ್ರಿಲ್, ಮೇ ತಿಂಗಳುಗಳಲ್ಲಿಯೇ ಕಲಬುರಗಿಯ ಉಷ್ಣಾಂಶ 40 ಡಿಗ್ರಿ ದಾಟುತ್ತದೆ. ಸರ್ಕಾರಿ ಕಚೇರಿಗಳೇ ಬೆಳಗಿನ ವೇಳೆಗೆ ಬದಲಾಗುವ ಈ ದಿನಗಳಲ್ಲಿ ಮಕ್ಕಳು ನಡುಹಗಲನ್ನು ಕೊಠಡಿಯಲ್ಲಿಯೇ ಕಳೆಯಬೇಕು. ‘ಜನರೇಟರ್ ಇದೆ’ ಎಂಬ ಉತ್ತರ ಸಾಲದು. ವಿದ್ಯುತ್ ಹೋದಾಗ ಅದು ಏರ್ ಕಂಡಿಷನರನ್ನೂ ಲಿಫ್ಟನ್ನೂ ನಡೆಸುತ್ತದೆಯೇ ಅಥವಾ ಫ್ಯಾನು, ದೀಪಗಳನ್ನಷ್ಟೇ ಎಂದು ಕೇಳಬೇಕು. ಮೇಲ್ಮಹಡಿಯ ಕೊಠಡಿ ಬೇಸಿಗೆಯಲ್ಲಿ ಕಾವು ಹಿಡಿಯುವುದರಿಂದ ಒಂದನೆಯ ಅಥವಾ ಎರಡನೆಯ ಮಹಡಿಯೇ ಮೇಲು. ಕಿಟಕಿಗೆ ಸೊಳ್ಳೆ ಜಾಲರಿ ಇರುವುದು ಎಲ್ಲ ಕಾಲಕ್ಕೂ ಅಗತ್ಯ.

ಜೋಳದ ರೊಟ್ಟಿ, ಎಣ್ಣೆಗಾಯಿ ಪಲ್ಯ, ಖಾರದ ಹಿಂಡಿ ದೊಡ್ಡವರಿಗೆ ಹಬ್ಬ. ನಾಲ್ಕು ವರ್ಷದ ಮಗುವಿಗಲ್ಲ. ಆದರೆ ಮಗುವಿಗೆ ಒಗ್ಗುವ ಊಟವೂ ಇದೇ ನೆಲದಲ್ಲಿದೆ. 2019ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಇಲ್ಲಿನ ತೊಗರಿ ಬೇಳೆಯನ್ನು ಖಾರವಿಲ್ಲದೆ ಬೇಯಿಸಿ, ಮೆತ್ತನೆಯ ಅನ್ನ ಮತ್ತು ತುಪ್ಪದೊಡನೆ ಬಡಿಸಿದರೆ ಸಾಕು. ರಾತ್ರಿ ಹತ್ತರ ಬಳಿಕ ಒಂದು ಲೋಟ ಬಿಸಿ ಹಾಲು, ಕಾಯಿಸಿ ಆರಿಸಿದ ನೀರು, ಮಗುವಿನ ಬಾಟಲಿ ತೊಳೆಯಲು ಕುದಿನೀರು ದೊರೆಯುವ ವಸತಿಗೃಹವನ್ನು ಪೋಷಕರು ನೆನಪಿಟ್ಟುಕೊಳ್ಳುತ್ತಾರೆ.

ಕಮಲಾಪುರದ ದಾರಿ

ಮಕ್ಕಳಿಗೆ ಕೋಟೆ, ಗುಮ್ಮಟಗಳಿಗಿಂತ ತೋಟದ ಮೇಲೆ ಆಸಕ್ತಿ ಹೆಚ್ಚು. ಹುಮನಾಬಾದ್ ರಸ್ತೆಯಲ್ಲಿರುವ, 2018ರಲ್ಲಿ ತಾಲ್ಲೂಕು ಕೇಂದ್ರವಾದ ಕಮಲಾಪುರವು ಭೌಗೋಳಿಕ ಸೂಚಿಕೆ ಪಡೆದ ಕೆಂಪು ಬಾಳೆಗೆ ಹೆಸರಾದ ಊರು. ನಗರದಲ್ಲಿ ತಂಗಿ ಅರ್ಧ ದಿನದಲ್ಲಿ ಹೋಗಿಬರಬಹುದಾದ ಈ ದಾರಿಯನ್ನು ವಸತಿಗೃಹಗಳು ಅತಿಥಿಗಳಿಗೆ ತಿಳಿಸಿದರೆ ಎರಡನೆಯ ರಾತ್ರಿಯ ವಾಸ್ತವ್ಯಕ್ಕೆ ಕಾರಣವೊಂದು ಸಿಗುತ್ತದೆ. ತೋಟದ ಮನೆಯಲ್ಲಿ ಎರಡು ಕೊಠಡಿ ಸಿದ್ಧಪಡಿಸಿ, ಪ್ರವಾಸೋದ್ಯಮ ಇಲಾಖೆಯಲ್ಲಿ ಹೋಂ ಸ್ಟೇ ಎಂದು ನೋಂದಾಯಿಸಿಕೊಂಡರೆ ಬೆಳೆಗಾರರಿಗೂ ಹಣ್ಣಿನ ಬೆಲೆಯ ಜೊತೆಗೆ ಇನ್ನೊಂದು ಆದಾಯ.

ಆದರೆ ತೋಟದ ವಾಸ್ತವ್ಯಕ್ಕೆ ತನ್ನದೇ ಎಚ್ಚರಿಕೆ ಬೇಕು. 2014ರಿಂದೀಚೆಗೆ ಕೃಷಿ ಭಾಗ್ಯ ಯೋಜನೆಯಡಿ ರಾಜ್ಯದ ಒಣಭೂಮಿಯಲ್ಲಿ ಸಾವಿರಾರು ಕೃಷಿ ಹೊಂಡಗಳು ನಿರ್ಮಾಣಗೊಂಡಿವೆ. ಪ್ಲಾಸ್ಟಿಕ್ ಹಾಸಿದ ಹೊಂಡದ ಇಳಿಜಾರಿನಲ್ಲಿ ಕಾಲು ಜಾರಿದವರು ಮೇಲೇರುವುದು ಕಷ್ಟ. ಈಜು ಬಲ್ಲವರಿಗೂ ಹಿಡಿತ ಸಿಗುವುದಿಲ್ಲ. ಹೊಂಡಕ್ಕೆ, ತೆರೆದ ಬಾವಿಗೆ ಬೇಲಿ ಮತ್ತು ಬೀಗವಿಲ್ಲದ ತೋಟದಲ್ಲಿ ಮಕ್ಕಳೊಡನೆ ತಂಗದಿರುವುದೇ ವಿವೇಕ. ಬೇಲಿಯಿಲ್ಲದೆ ಅತಿಥಿಗಳನ್ನು ಕರೆಯದಿರುವುದು ಮಾಲೀಕರ ಹೊಣೆ. ರಾತ್ರಿ ಅಂಗಳದಲ್ಲಿ ಬೆಳಕು, ತುರ್ತಿಗೆ ವಾಹನ, ಸಮೀಪದ ಆಸ್ಪತ್ರೆಯ ದೂರವಾಣಿ ಸಂಖ್ಯೆ ಇವೂ ಕಡ್ಡಾಯವೆಂದೇ ಭಾವಿಸಬೇಕು.

ಮಾಲೀಕರು ಮಾಡಬಹುದಾದುದು

ಮಕ್ಕಳ ಆಟದ ಕೋಣೆ, ಈಜುಕೊಳಗಳನ್ನು ಕಟ್ಟಲು ಎಲ್ಲರಿಗೂ ಬಂಡವಾಳವಿರುವುದಿಲ್ಲ. ಅದರ ಅಗತ್ಯವೂ ಇಲ್ಲ. ಒಂದು ಮಹಡಿಯ ನಾಲ್ಕೈದು ಕೊಠಡಿಗಳನ್ನು ಕುಟುಂಬಗಳಿಗೆಂದು ಮೀಸಲಿಟ್ಟು, ಕಟಾಂಜನಕ್ಕೆ ಜಾಲರಿ, ಸಾಕೆಟ್ಟುಗಳಿಗೆ ಮುಚ್ಚಳ, ಸ್ನಾನದ ಮನೆಗೆ ಒಂದು ಚಿಕ್ಕ ಬಕೆಟ್ಟು ಮತ್ತು ಜಾರದ ಚಾಪೆ ಒದಗಿಸುವುದು ಅಲ್ಪ ಖರ್ಚಿನ ಕೆಲಸ. ವೇಳೆ, ದರ, ಮಗುವಿನ ವಯೋಮಿತಿ, ಜನರೇಟರ್, ಹಾಲು ಈ ಐದರ ವಿವರವನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಅಚ್ಚು ಹಾಕಿಸಿ ಕೌಂಟರಿನಲ್ಲಿಟ್ಟರೆ, ಫೋನು ಮಾಡಿದವರಿಗೆ ಯಾವ ಸಿಬ್ಬಂದಿಯಾದರೂ ಒಂದೇ ಉತ್ತರ ಕೊಡಬಲ್ಲರು. ಒಂಟಿ ವ್ಯಾಪಾರಿ ಕೆಲಸವಿದ್ದಾಗ ಮಾತ್ರ ಬರುತ್ತಾನೆ. ಮಗುವಿಗೆ ಒಗ್ಗಿದ ಊರಿಗೆ ಕುಟುಂಬವು ಮರುವರ್ಷ ನೆಂಟರನ್ನೂ ಕರೆದುಕೊಂಡು ಬರುತ್ತದೆ.